ಚಹಾ ಹಡಗು, ಹಿಂಗಾರು ಗಾಳಿ ಮತ್ತು ದಾರಿ ಕಾಯುವ ಒಂದು ದ್ವೀಪ

1804ರ ಜನವರಿ 31. ಚೀನಾದ ಕ್ಯಾಂಟನ್‌ನಿಂದ ಈಸ್ಟ್ ಇಂಡಿಯಾ ಕಂಪನಿಯ 16 ದೊಡ್ಡ ಹಡಗುಗಳು ಒಟ್ಟಿಗೆ ಹೊರಟವು. ಭಾರತದ ಕಡೆ ಬರಬೇಕಿದ್ದ 11 ವ್ಯಾಪಾರಿ ಹಡಗುಗಳೂ ಜೊತೆಗೆ ಸೇರಿಕೊಂಡವು. ಒಳಗೆ ಚಹಾ, ರೇಷ್ಮೆ, ಪಿಂಗಾಣಿ. ಎಲ್ಲ ಕೂಡಿಸಿದರೆ ಆ ಕಾಲದ 80 ಲಕ್ಷ ಪೌಂಡಿಗೂ ಮೇಲಿನ ಮಾಲು. ಬ್ರಿಟನ್ ಆಗ ಫ್ರಾನ್ಸಿನ ಜೊತೆ ಯುದ್ಧದಲ್ಲಿತ್ತು. ಆದರೂ ಈ ಸಾಲಿನ ಕಾವಲಿಗೆ ಬ್ರಿಟಿಷ್ ನೌಕಾಪಡೆಯ ಒಂದೇ ಒಂದು ಯುದ್ಧನೌಕೆ ಇರಲಿಲ್ಲ.

ಜಗತ್ತಿನ ಅತಿ ದೊಡ್ಡ ನೌಕಾಪಡೆ ಇದ್ದ ದೇಶ ಇಷ್ಟು ದುಡ್ಡನ್ನು ಹೀಗೆ ಸಮುದ್ರಕ್ಕೆ ಬಿಟ್ಟು ಕೂತಿತ್ತಾ? ಒಂದು ಅರ್ಥದಲ್ಲಿ ಹೌದು. ಯಾಕೆ ಅಂತ ತಿಳಿಯಬೇಕಾದರೆ ಹಾಯಿ ಹಡಗಿನ ಕಾಲದಲ್ಲಿ ವ್ಯಾಪಾರ ಹೇಗೆ ನಡೆಯುತ್ತಿತ್ತು, ಅದಕ್ಕೆ ಕಾವಲು ಹೇಗಿರುತ್ತಿತ್ತು ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಶಾಲೆಯ ಪುಸ್ತಕದಲ್ಲಿ ನಮಗೆ ಸಿಗುವುದು ಟ್ರಫಾಲ್ಗರ್‌ನಂಥ ದೊಡ್ಡ ಕದನಗಳು. ಅಂಥ ಕದನಗಳು ಅಪರೂಪ. ನೌಕಾಪಡೆಯ ದಿನನಿತ್ಯದ ಕೆಲಸ ಕಾಯುವುದು, ಹುಡುಕುವುದು, ಜೊತೆಗೆ ಹೋಗುವುದು. ಅದರಲ್ಲಿ ಬಹಳಷ್ಟನ್ನು ನಿರ್ಧರಿಸುತ್ತಿದ್ದದ್ದು ಅಡ್ಮಿರಲ್ ಅಲ್ಲ, ಗಾಳಿ.

ಗಾಳಿಯ ವೇಳಾಪಟ್ಟಿ

ನಮಗೆ ಮುಂಗಾರು, ಹಿಂಗಾರು ಅಂದರೆ ಮಳೆಯ ಲೆಕ್ಕ, ಬಿತ್ತನೆಯ ಲೆಕ್ಕ. ನಾವಿಕನಿಗೆ ಅದು ದಿಕ್ಕಿನ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ. ನವೆಂಬರ್‌ನಿಂದ ಫೆಬ್ರವರಿ ತನಕ ಈಶಾನ್ಯದಿಂದ. ಅಡ್ಡ ಹಾಯಿ ಕಟ್ಟಿದ ದೊಡ್ಡ ಹಡಗು ಗಾಳಿಗೆ ಎದುರಾಗಿ ನೇರ ಹೋಗಲಾರದು. ಗಾಳಿ ಬರುವ ದಿಕ್ಕಿಗೆ ಸುಮಾರು 65–70 ಡಿಗ್ರಿಗಿಂತ ಹತ್ತಿರಕ್ಕೆ ಮೂತಿ ತಿರುಗಿಸಿದರೆ ಹಾಯಿ ಪಟಪಟ ಹೊಡೆದುಕೊಂಡು ಹಡಗು ನಿಂತೇಬಿಡುತ್ತದೆ. ಎದುರು ಗಾಳಿಯಲ್ಲಿ ಹೋಗಲೇಬೇಕಾದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕು. ಹತ್ತು ದಿನದ ದಾರಿಗೆ ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ.

ಹಾಗಾಗಿ ಸಮುದ್ರ ಎಷ್ಟೇ ವಿಶಾಲವಾಗಿದ್ದರೂ ಹಡಗುಗಳು ಓಡಾಡುತ್ತಿದ್ದ ದಾರಿಗಳು ಕೆಲವೇ. ಇಂಗ್ಲೆಂಡಿನಿಂದ ಹೊರಟವರು ಚಳಿಗಾಲ ಮುಗಿಯುವ ಹೊತ್ತಿಗೆ ಹೊರಡಬೇಕು. ಅಟ್ಲಾಂಟಿಕ್‌ನಲ್ಲಿ ಬ್ರೆಜಿಲ್ ಕಡೆ ವಾಲಿ, ಅಲ್ಲಿಂದ ಪಶ್ಚಿಮದ ಗಾಳಿ ಹಿಡಿದು, ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ, ಮುಂಗಾರು ಗಾಳಿಯಲ್ಲಿ ಭಾರತ ಸೇರಬೇಕು. ಚೀನಾಕ್ಕೆ ಹೋದವರು ಅಲ್ಲಿ ಚಹಾ ತುಂಬಿಸಿಕೊಂಡು ಹಿಂಗಾರು ಗಾಳಿ ಇರುವಾಗಲೇ ಹೊರಡಬೇಕು. ತಡವಾದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಮರಳಿ ಹೋಗುವ ದಾರಿಯೂ ಹೀಗೇ ಗಟ್ಟಿ. ಬಂಗಾಳದಿಂದ, ಚೀನಾದಿಂದ ಹೊರಟ ಹಡಗುಗಳು ಭೂಮಧ್ಯರೇಖೆ ದಾಟಿದ ಮೇಲೆ ಆಗ್ನೇಯದ ವಾಣಿಜ್ಯ ಮಾರುತ ಹಿಡಿಯುತ್ತಿದ್ದವು. ಆ ಗಾಳಿ ಅವುಗಳನ್ನು ಮಡಗಾಸ್ಕರ್‌ನ ದಕ್ಷಿಣಕ್ಕೆ, ಅಲ್ಲಿಂದ ಗುಡ್ ಹೋಪ್ ಕಡೆಗೆ ತಳ್ಳಿಕೊಂಡು ಹೋಗುತ್ತಿತ್ತು. ಈ ದಾರಿಯ ಪಕ್ಕದಲ್ಲೇ ಮಾರಿಷಸ್ ಇದೆ. ಆಗ ಅದರ ಹೆಸರು ಇಲ್ ದ ಫ್ರಾನ್ಸ್. ಹೆಸರೇ ಹೇಳುವಂತೆ ಫ್ರೆಂಚರ ದ್ವೀಪ.

ಬಂದರಿಲ್ಲದ ಕರಾವಳಿ

ಗಾಳಿಯ ಜೊತೆ ಇನ್ನೊಂದು ತಲೆನೋವು ಬಂದರಿನದು. ಮದ್ರಾಸು ಕಂಪನಿಯ ದೊಡ್ಡ ಪಟ್ಟಣ. ಆದರೆ ಅಲ್ಲಿ ಬಂದರೇ ಇರಲಿಲ್ಲ. ಹಡಗುಗಳು ದಡದಿಂದ ದೂರ, ಬಯಲು ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಮಾಲು, ಜನ, ಕುದುರೆ, ಗವರ್ನರ್, ಯಾರೇ ಆಗಲಿ, ಅಲೆ ದಾಟಿ ದಡಕ್ಕೆ ಬರಬೇಕಾದರೆ ಮಸುಲಾ ದೋಣಿ ಹತ್ತಬೇಕು. ಈ ದೋಣಿಗೆ ಒಂದು ಮೊಳೆಯೂ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಾರೆ. ಅಲೆ ಎತ್ತಿ ಕುಕ್ಕಿದಾಗ ಮೊಳೆ ಹೊಡೆದ ದೋಣಿ ಸೀಳುತ್ತದೆ. ಹೊಲಿದ ದೋಣಿ ಬಳುಕಿ ಉಳಿಯುತ್ತದೆ. ಯುರೋಪಿನ ದೊಡ್ಡ ದೊಡ್ಡ ಹಡಗುಗಳ ವ್ಯಾಪಾರವೆಲ್ಲ ಕೊನೆಗೆ ಆ ಊರಿನ ಬೆಸ್ತರ ಕೈಚಳಕದ ಮೇಲೆ ನಿಂತಿತ್ತು ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ.

ಹಿಂಗಾರು ಶುರುವಾಗುವಾಗ ಇದೇ ಕರಾವಳಿ ಚಂಡಮಾರುತದ ಜಾಗ. ಅಕ್ಟೋಬರ್ ಮಧ್ಯದ ಹೊತ್ತಿಗೆ ಯುದ್ಧನೌಕೆಗಳೂ ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದವು. ರಿಪೇರಿಗೆ ಬಾಂಬೆಗೇ ಹೋಗಬೇಕು. ದೊಡ್ಡ ಯುದ್ಧನೌಕೆಯನ್ನು ನೀರಿನಿಂದ ಹೊರಗೆ ಇಟ್ಟು ತಳ ನೋಡುವ ಒಣ ಹಡಗುಕಟ್ಟೆ ಬ್ರಿಟಿಷರಿಗೆ ಈ ಕಡೆ ಇದ್ದದ್ದು ಅಲ್ಲಿ ಮಾತ್ರ. ಅಂದರೆ ಪೂರ್ವ ಕರಾವಳಿಗೆ ವರ್ಷದಲ್ಲಿ ಕೆಲವು ತಿಂಗಳು ಕಾವಲೇ ಇಲ್ಲ.

ಫ್ರೆಂಚರಿಗೂ ಇದೇ ಪಾಡು. 1782–83ರಲ್ಲಿ ಸುಫ್ರೆನ್ ಎಂಬ ಫ್ರೆಂಚ್ ಅಡ್ಮಿರಲ್ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಜೊತೆ ಈ ಭಾಗದಲ್ಲಿ ಐದು ಸಲ ಕಾದಾಡಿದ. ಅವನಿಗೂ ಹತ್ತಿರದಲ್ಲಿ ಸರಿಯಾದ ಬಂದರಿರಲಿಲ್ಲ. ಕಡೆಗೆ ಸಿಂಹಳದ ತ್ರಿಂಕೋಮಲಿಯನ್ನು ಹಿಡಿದುಕೊಳ್ಳಬೇಕಾಯಿತು. ಇದೇ ಸುಫ್ರೆನ್ 1782ರ ಜುಲೈನಲ್ಲಿ ಕಡಲೂರಿನ ಹತ್ತಿರ ನಮ್ಮ ಹೈದರಾಲಿಯನ್ನು ಭೇಟಿಯಾಗಿದ್ದ. ಹೈದರನಿಗೆ ಹಡಗಿನ ಬೆಲೆ ಚೆನ್ನಾಗಿ ಗೊತ್ತಿತ್ತು. 1780ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಅವನ ಹಡಗುಗಳನ್ನು ನಾಶ ಮಾಡಿದವನು ಇದೇ ಹ್ಯೂಸ್.

ಕಂಪನಿ ಹಡಗು ಅಂದರೆ ಏನು

ಕಂಪನಿ ಹಡಗು ಅನ್ನುತ್ತೇವೆ, ಆದರೆ ಅವುಗಳಲ್ಲಿ ಹೆಚ್ಚಿನವು ಕಂಪನಿಯ ಸ್ವಂತದ್ದಲ್ಲ. ಲಂಡನ್ನಿನ ಶ್ರೀಮಂತರು ಪಾಲು ಹಾಕಿ ಹಡಗು ಕಟ್ಟಿಸುತ್ತಿದ್ದರು, ಕಂಪನಿ ಬಾಡಿಗೆಗೆ ಹಿಡಿಯುತ್ತಿತ್ತು. ಭಾರತಕ್ಕೆ ಬರುವವು ಸಾಮಾನ್ಯವಾಗಿ 800 ಟನ್ನಿನವು, ಚೀನಾಕ್ಕೆ ಹೋಗುವವು 1,200 ಟನ್ನಿನವು. ಹಡಗಿನ ಕಪ್ತಾನನಿಗೂ ಒಳಗೆ ಸ್ವಲ್ಪ ಜಾಗ ಮೀಸಲು. ತನ್ನ ದುಡ್ಡಿನಲ್ಲಿ ಮಾಲು ತಂದು ಮಾರಬಹುದು. ಸಂಬಳಕ್ಕಿಂತ ಎಷ್ಟೋ ಪಾಲು ಜಾಸ್ತಿ ಅದರಲ್ಲೇ ಬರುತ್ತಿತ್ತು. ಹಾಗಾಗಿ ಹಡಗು ಕಳೆದುಕೊಂಡರೆ ಕಂಪನಿಗೆ ಎಷ್ಟು ನೋವೋ ಕಪ್ತಾನನಿಗೂ ಅಷ್ಟೇ ನೋವು.

ಒಳಗೆ ಏನಿರುತ್ತಿತ್ತು? ಬಂಗಾಳದ ಬಟ್ಟೆ, ಮಲಬಾರಿನ ಕರಿಮೆಣಸು, ಚೀನಾದ ಚಹಾ. ಬಿಹಾರದ ಪೆಟ್ಲುಪ್ಪು ಹಡಗಿನ ತಳದಲ್ಲಿ ಭಾರಕ್ಕೂ ಆಯಿತು, ಮಾಲಿಗೂ ಆಯಿತು. ಈ ಪೆಟ್ಲುಪ್ಪಿನ ಕಥೆ ಗಮನಿಸಬೇಕಾದ್ದು. ಮದ್ದಿನಪುಡಿಗೆ ಅದೇ ಮುಖ್ಯ ವಸ್ತು. ಕಂಪನಿ ವರ್ಷಕ್ಕೆ 500 ಟನ್ ಪೆಟ್ಲುಪ್ಪನ್ನು ಸರ್ಕಾರಕ್ಕೆ ಕೊಡಲೇಬೇಕು ಅಂತ ಕರಾರಿತ್ತು. ಅಂದರೆ ವ್ಯಾಪಾರಿ ಹಡಗನ್ನು ಕಾಯಬೇಕಾದ ಯುದ್ಧನೌಕೆಯ ತೋಪಿಗೆ ಮದ್ದು ಬರುತ್ತಿದ್ದದ್ದೇ ಆ ವ್ಯಾಪಾರಿ ಹಡಗಿನಲ್ಲಿ. ಚಹಾದ ಸುಂಕವೂ ಹಾಗೇ. 1784ರಲ್ಲಿ ಕಳ್ಳಸಾಗಣೆ ನಿಲ್ಲಿಸಲು ಚಹಾದ ತೆರಿಗೆಯನ್ನು ಶೇ. 119ರಿಂದ 12.5ಕ್ಕೆ ಇಳಿಸಿದ್ದರು. ಯುದ್ಧ ಶುರುವಾದ ಮೇಲೆ ಮತ್ತೆ ಏರಿಸುತ್ತಾ ಹೋದರು. ಹಡಗು ಕಟ್ಟಲು, ನಾವಿಕರಿಗೆ ಸಂಬಳ ಕೊಡಲು ದುಡ್ಡು ಬೇಕಲ್ಲ.

ಹೀಗೆ ವ್ಯಾಪಾರ ನಿಂತರೆ ನೌಕಾಪಡೆಗೆ ಅನ್ನವಿಲ್ಲ, ನೌಕಾಪಡೆ ಸೋತರೆ ವ್ಯಾಪಾರವಿಲ್ಲ. ಫ್ರೆಂಚರಿಗೆ ಇದು ಅರ್ಥವಾಗಿತ್ತು. ದೊಡ್ಡ ಕದನದಲ್ಲಿ ಗೆಲ್ಲಲು ಆಗದಿದ್ದರೆ ಚೀಲಕ್ಕೇ ಕೈ ಹಾಕೋಣ ಅಂತ ಅವರು ನಿಶ್ಚಯಿಸಿದರು.

ಸುರ್ಕೂಫ್‌ನ ಕೈಚಳಕ

ಅದಕ್ಕೆ ಬೇಕಾಗಿದ್ದದ್ದು ವೇಗದ ಸಣ್ಣ ಹಡಗು, ಧೈರ್ಯದ ಜನ, ಸರ್ಕಾರದ ಒಂದು ಪರವಾನಗಿ ಪತ್ರ. ಪತ್ರ ಇದ್ದರೆ ನೀನು ಯುದ್ಧ ಮಾಡುವ ಖಾಸಗಿ ಯೋಧ, ಇಲ್ಲದಿದ್ದರೆ ಕಡಲ್ಗಳ್ಳ. ಹಿಡಿದ ಹಡಗು, ಮಾಲು ಮಾರಿದ ದುಡ್ಡಿನಲ್ಲಿ ಹಡಗಿನ ಯಜಮಾನರಿಗೂ ನಾವಿಕರಿಗೂ ಪಾಲು.

ಇವರಲ್ಲಿ ಹೆಸರು ಮಾಡಿದವನು ರಾಬರ್ಟ್ ಸುರ್ಕೂಫ್. ಕಲ್ಕತ್ತಾಕ್ಕೆ ಹೋಗುವ ಹೂಗ್ಲಿ ನದಿಯ ಬಾಯಿಯಲ್ಲಿ ಮರಳಿನ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ದಾರಿ ಗೊತ್ತಿದ್ದ ಪೈಲಟ್ ಇಲ್ಲದೆ ಯಾವ ಹಡಗೂ ಒಳಗೆ ಬರಲಾರದು. ಪೈಲಟ್‌ಗಳ ಸಣ್ಣ ಹಡಗುಗಳು ಅಲ್ಲಿ ಕಾಯುತ್ತಿದ್ದವು. 1796ರ ಜನವರಿಯಲ್ಲಿ ಸುರ್ಕೂಫ್ ಅಂಥದ್ದೇ ಒಂದು ಪೈಲಟ್ ಹಡಗನ್ನು ಹಿಡಿದು, ಅದರಲ್ಲೇ ಕೂತು, ಬಾಲಸೋರ್ ಬಳಿ ನಿಂತಿದ್ದ ಟ್ರೈಟನ್ ಎಂಬ ಕಂಪನಿ ಹಡಗಿನ ಪಕ್ಕಕ್ಕೆ ಹೋದ. ಟ್ರೈಟನ್‌ನವರು ಪೈಲಟ್ ಬಂದ ಅಂದುಕೊಂಡರು. ಅವನ ಜೊತೆ ಇದ್ದದ್ದು ಕೆಲವೇ ಜನ. ಅಷ್ಟರಲ್ಲೇ ದೊಡ್ಡ ಹಡಗು ಅವನದಾಯಿತು. ತಮಾಷೆ ಏನೆಂದರೆ ಆ ಸಲ ಅವನ ಹತ್ತಿರ ಪರವಾನಗಿ ಪತ್ರವೇ ಇರಲಿಲ್ಲ. ಇಲ್ ದ ಫ್ರಾನ್ಸ್ ದ್ವೀಪದ ಸರ್ಕಾರ ಕೊಳ್ಳೆಯನ್ನು ಮುಟ್ಟುಗೋಲು ಹಾಕಿಕೊಂಡಿತು. ಅವನು ಪ್ಯಾರಿಸ್‌ಗೆ ಹೋಗಿ ವಾದ ಮಾಡಿ ದುಡ್ಡು ವಸೂಲಿ ಮಾಡಬೇಕಾಯಿತು.

1800ರ ಅಕ್ಟೋಬರ್‌ನಲ್ಲಿ ಅದೇ ಬಂಗಾಳ ಕೊಲ್ಲಿಯಲ್ಲಿ ಕೆಂಟ್ ಎಂಬ ಹಡಗನ್ನು ಹಿಡಿದ. ಅದರಲ್ಲಿ ಸೈನಿಕರು, ಪ್ರಯಾಣಿಕರು ಸೇರಿ 400ಕ್ಕೂ ಹೆಚ್ಚು ಜನ ಇದ್ದರು. ಅವನ ಹಡಗು ಎಲ್ಲ ಲೆಕ್ಕದಲ್ಲೂ ಅದಕ್ಕಿಂತ ಚಿಕ್ಕದು. 1807ರಲ್ಲಿ ಮತ್ತೆ ಬಂದ. ಕಲ್ಕತ್ತಾದ ವ್ಯಾಪಾರಿಗಳು ನೌಕಾಪಡೆ ಏನು ಮಾಡುತ್ತಿದೆ ಅಂತ ದೂರು ಬರೆದರು.

ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು. ಆದರೆ ಅಡ್ಮಿರಲ್‌ಗೂ ತನ್ನದೇ ಕಷ್ಟ. ಕೇಪ್‌ನಿಂದ (ಗುಡ್ ಹೋಪ್ ಭೂಶಿರದಿಂದ) ಚೀನಾ ತನಕ ನೀರು. ಕೈಯಲ್ಲಿ ಬೆರಳೆಣಿಕೆಯ ಹಡಗುಗಳು. ಅವುಗಳಲ್ಲಿ ಕೆಲವು ಯಾವಾಗಲೂ ರಿಪೇರಿಯಲ್ಲಿ.

ಬೆಂಗಾವಲು

ಉಪಾಯ ಹಳೆಯದು. ಹಡಗುಗಳನ್ನು ಒಟ್ಟು ಸೇರಿಸಿ, ಜೊತೆಗೆ ಯುದ್ಧನೌಕೆ ಕಳಿಸುವುದು. ಸಂತೆಗೆ ಹೊರಟ ಗಾಡಿಗಳ ಸಾಲಿನ ಹಾಗೆ, ಮುದಿ ಎತ್ತಿನ ಗಾಡಿ ಎಷ್ಟು ನಡೆಯುತ್ತದೋ ಎಲ್ಲರೂ ಅಷ್ಟೇ ನಡೆಯಬೇಕು. ಎಲ್ಲ ಹಡಗು ತಯಾರಾಗುವ ತನಕ ಬಂದರಿನಲ್ಲಿ ಕಾಯಬೇಕು. ಎಲ್ಲ ಒಟ್ಟಿಗೆ ತಲುಪಿದಾಗ ಮಾರುಕಟ್ಟೆಯಲ್ಲಿ ಮಾಲು ತುಂಬಿ ಬೆಲೆ ಬೀಳುತ್ತದೆ. ವ್ಯಾಪಾರಿಗಳು ಗೊಣಗದೆ ಇರುತ್ತಾರಾ? 1798ರಲ್ಲಿ ಬ್ರಿಟಿಷ್ ಸಂಸತ್ತು ಹೆಚ್ಚಿನ ಹಡಗುಗಳಿಗೆ ಬೆಂಗಾವಲನ್ನು ಕಡ್ಡಾಯ ಮಾಡಿತು. ಕಾನೂನಿಗಿಂತ ಜೋರಾಗಿ ಕೆಲಸ ಮಾಡಿದ್ದು ವಿಮೆ. ಲಂಡನ್ನಿನ ಲಾಯ್ಡ್ಸ್‌ನಲ್ಲಿ ಬೆಂಗಾವಲಿನ ಜೊತೆ ಹೋಗುವ ಹಡಗಿಗೆ ಒಂದು ದರ, ಒಂಟಿಯಾಗಿ ಹೋಗುವ ಹಡಗಿಗೆ ಇನ್ನೊಂದು ದರ.

ನೌಕಾಪಡೆಯ ಕಪ್ತಾನರಿಗೂ ಈ ಕೆಲಸ ಬೇಡ. ಕಾರಣ ದುಡ್ಡು. ಶತ್ರು ಹಡಗು ಹಿಡಿದರೆ ಅದರ ಬೆಲೆಯಲ್ಲಿ ಕಪ್ತಾನನಿಗೆ ದೊಡ್ಡ ಪಾಲು, ಅವನ ಮೇಲಿನ ಅಡ್ಮಿರಲ್‌ಗೆ ಎಂಟರಲ್ಲೊಂದು. ವ್ಯಾಪಾರಿ ಹಡಗುಗಳ ಹಿಂದೆ ತಿಂಗಳುಗಟ್ಟಲೆ ನಿಧಾನಕ್ಕೆ ಹೋದರೆ ಅಂಥದ್ದೇನೂ ಸಿಗದು. ಇದು ಎಷ್ಟು ದೂರ ಹೋಯಿತು ಅಂದರೆ, 1805ರಲ್ಲಿ ಈಸ್ಟ್ ಇಂಡೀಸ್ ಹೊಣೆಯನ್ನು ಎಡ್ವರ್ಡ್ ಪೆಲ್ಯೂ ಮತ್ತು ಥಾಮಸ್ ಟ್ರೂಬ್ರಿಜ್ ಎಂಬ ಇಬ್ಬರಿಗೆ ಹಂಚಿದಾಗ ಇಬ್ಬರೂ ಬದ್ಧ ವೈರಿಗಳಾದರು. ಕಡೆಗೆ ಟ್ರೂಬ್ರಿಜ್‌ನನ್ನು ಕೇಪ್‌ಗೆ ವರ್ಗ ಮಾಡಿದರು. ಅವನ ಹಡಗು ಬ್ಲೆನ್‌ಹೈಮ್ ಹಳೆಯದು, ಒಮ್ಮೆ ನೆಲಕ್ಕೆ ತಾಗಿ ಬೆನ್ನು ಬಾಗಿತ್ತು. ನೀರು ಹೊರಹಾಕುವ ಪಂಪು ನಿಲ್ಲಿಸುವ ಹಾಗೇ ಇರಲಿಲ್ಲ. ಎಲ್ಲರೂ ಬೇಡ ಅಂದರು. ಅವನು ಕೇಳಲಿಲ್ಲ. 1807ರ ಜನವರಿಯಲ್ಲಿ ಮದ್ರಾಸು ಬಿಟ್ಟ. ಫೆಬ್ರವರಿಯಲ್ಲಿ ಬಿರುಗಾಳಿಗೆ ಸಿಕ್ಕಿ, ಜೊತೆಗಿದ್ದ ಜಾವಾ ಎಂಬ ಹಡಗಿನ ಸಮೇತ ಕಾಣೆಯಾದ.

ಸುದ್ದಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಲಂಡನ್ನಿನಿಂದ ಕಲ್ಕತ್ತಾಕ್ಕೆ ಕಾಗದ ಬರಲು ಸುಮಾರು ಅರ್ಧ ವರ್ಷ. 1803ರ ಮೇನಲ್ಲಿ ಯುರೋಪಿನಲ್ಲಿ ಯುದ್ಧ ಮತ್ತೆ ಶುರುವಾಯಿತು. ಜುಲೈನಲ್ಲಿ ಫ್ರೆಂಚ್ ಅಡ್ಮಿರಲ್ ಲಿನ್ವಾ ಪಾಂಡಿಚೇರಿಯಲ್ಲಿದ್ದ. ಬ್ರಿಟಿಷ್ ಹಡಗುಗಳು ಕಣ್ಣಳತೆಯಲ್ಲೇ ಅವನನ್ನು ಕಾಯುತ್ತಿದ್ದವು. ಶಾಂತಿ ಒಪ್ಪಂದ ಮುರಿದದ್ದು ಯಾರಿಗೂ ಖಚಿತ ಗೊತ್ತಿಲ್ಲ. ಫ್ರಾನ್ಸಿನಿಂದ ಬೆಲಿಯೇ ಎಂಬ ಸಣ್ಣ ಹಡಗು ಆಜ್ಞೆ ತಂದಿತು. ಲಿನ್ವಾ ಅದೇ ರಾತ್ರಿ ಕತ್ತಲಲ್ಲಿ ಜಾರಿಕೊಂಡ. ಬೆಳಗಾದಾಗ ಬ್ರಿಟಿಷರ ಮುಂದೆ ಖಾಲಿ ನೀರು. ಇಡೀ ಹಿಂದೂ ಮಹಾಸಾಗರದಲ್ಲಿ ಇನ್ನು ಅವನನ್ನು ಎಲ್ಲಿ ಅಂತ ಹುಡುಕೋದು?

ಪುಲೋ ಔರಾದ ನಾಟಕ

ಹುಡುಕುವ ಬದಲು ಅವನೇ ಎಲ್ಲಿಗೆ ಬರುತ್ತಾನೆ ಅಂತ ಊಹಿಸಬಹುದಿತ್ತು. ಗಾಳಿಯ ದಾರಿ ಅವನಿಗೂ ಗೊತ್ತಲ್ಲ. ಚೀನಾದಿಂದ ಬರುವ ಹಡಗುಗಳು ಮಲಕ್ಕಾ ಜಲಸಂಧಿಗೆ ನುಗ್ಗುವ ಮುಂಚೆ ಮಲಯಾ ಪಕ್ಕದ ಪುಲೋ ಔರಾ ದ್ವೀಪದ ಹತ್ತಿರ ಹಾಯಲೇಬೇಕು. 1804ರ ಫೆಬ್ರವರಿ 14ರ ಬೆಳಿಗ್ಗೆ ಲಿನ್ವಾ ಅಲ್ಲೇ ಇದ್ದ. 74 ತೋಪಿನ ಮರೆಂಗೋ, ಜೊತೆಗೆ ಮೂರು ಸಣ್ಣ ಯುದ್ಧನೌಕೆ, ಒಂದು ಬ್ರಿಗ್ (ಎರಡು ಕಂಬದ ಸಣ್ಣ ಹಡಗು).

ಇತ್ತ ಕಡೆ ಕಮೊಡೋರ್ ನಥಾನಿಯಲ್ ಡ್ಯಾನ್ಸ್. ನೌಕಾಪಡೆಯವನಲ್ಲ. ಕಂಪನಿ ಕಪ್ತಾನರಲ್ಲಿ ಹಿರಿಯ ಅಂತ ಮುಂದಾಳು ಆದವನು. ಅವನ ಹಡಗುಗಳಲ್ಲೂ ತೋಪಿದ್ದವು. ಆದರೆ ಅವು ಹಗುರ, ನಡೆಸುವ ಜನ ಕಮ್ಮಿ. ಮರೆಂಗೋದಂಥ ಹಡಗಿನಲ್ಲಿ 600–700 ಜನ ಇರುತ್ತಿದ್ದರು. ಕಂಪನಿ ಹಡಗಿನಲ್ಲಿ ನೂರರ ಮೇಲೆ ಸ್ವಲ್ಪ. ಒಳ್ಳೆಯ ನಾವಿಕರನ್ನು ನೌಕಾಪಡೆಯೇ ಬಲವಂತವಾಗಿ ಎಳೆದುಕೊಂಡು ಹೋಗುತ್ತಿತ್ತು. ಮರಳುವ ದಾರಿಯಲ್ಲಿ ಎಷ್ಟೋ ಹಡಗುಗಳು ಭಾರತದ ಹಡಗಾಳುಗಳಾದ ಲಸ್ಕರ್‌ಗಳನ್ನು, ಚೀನೀ ನಾವಿಕರನ್ನು ನಂಬಿಕೊಂಡೇ ಸಾಗುತ್ತಿದ್ದವು.

ಡ್ಯಾನ್ಸ್ ಹತ್ತಿರ ಇದ್ದ ಒಂದೇ ಆಸ್ತಿ ಬಣ್ಣ. ಕಂಪನಿ ಹಡಗುಗಳಿಗೆ ದೂರದಿಂದ ಯುದ್ಧನೌಕೆಯಂತೆ ಕಾಣಲಿ ಅಂತಲೇ ಬಣ್ಣ ಹೊಡೆಯುತ್ತಿದ್ದರು. ಕೆಲವಕ್ಕೆ ತೋಪಿಲ್ಲದ ಕಡೆಯೂ ತೋಪಿನ ಕಿಂಡಿ ಬರೆಯುತ್ತಿದ್ದರು. ಅವನು ಹಡಗುಗಳನ್ನು ಯುದ್ಧದ ಸಾಲಿನಲ್ಲಿ ನಿಲ್ಲಿಸಿದ. ಕೆಲವು ಹಡಗುಗಳಲ್ಲಿ ನೌಕಾಪಡೆಯ ನೀಲಿ ಬಾವುಟ ಹಾರಿಸಿದ. ಆ ರಾತ್ರಿ ಓಡಿಹೋಗಲೂ ಇಲ್ಲ, ದೀಪ ಆರಿಸಲೂ ಇಲ್ಲ. ಲಿನ್ವಾ ಯೋಚನೆಗೆ ಬಿದ್ದ. ಓಡದೆ ನಿಂತಿದ್ದಾರೆ ಅಂದರೆ ಇವರಲ್ಲಿ ನಿಜವಾದ ಯುದ್ಧನೌಕೆ ಇರಲೇಬೇಕು, ಅಲ್ವಾ? ರಾತ್ರಿ ಹೊಡೆಯದೆ ಬೆಳಗಿಗೆ ಕಾದ.

15ರಂದು ಲಿನ್ವಾ ಸಾಲನ್ನು ತುಂಡರಿಸಲು ಬಂದಾಗ ಡ್ಯಾನ್ಸ್ ತನ್ನ ಹಡಗುಗಳನ್ನು ಅವನ ಮೇಲೇ ತಿರುಗಿಸಿದ. ಮುಂದಿದ್ದ ರಾಯಲ್ ಜಾರ್ಜ್ ಹೊಡೆತ ತಿಂದಿತು. ಸುಮಾರು 40 ನಿಮಿಷ ಗುಂಡು ಹಾರಿತು. ಆಮೇಲೆ ಲಿನ್ವಾ ತಿರುಗಿ ಹೊರಟ. ಡ್ಯಾನ್ಸ್ ಅಷ್ಟಕ್ಕೆ ಬಿಡಲಿಲ್ಲ. ಚಹಾ ಹೇರಿಕೊಂಡ ಹಡಗುಗಳು ಫ್ರೆಂಚ್ ಯುದ್ಧನೌಕೆಗಳನ್ನು ಎರಡು ಗಂಟೆ ಅಟ್ಟಿಸಿಕೊಂಡು ಹೋದವು! ಬ್ರಿಟಿಷರ ಕಡೆ ಸತ್ತದ್ದು ಒಬ್ಬ, ಗಾಯ ಒಬ್ಬನಿಗೆ. ನೌಕಾಪಡೆಯ ಹಡಗುಗಳು ಅವರಿಗೆ ಜೊತೆಯಾದದ್ದು ಆಮೇಲೆ, ಮಲಕ್ಕಾ ಜಲಸಂಧಿಯಲ್ಲಿ.

ಡ್ಯಾನ್ಸ್ ಸರ್ ನಥಾನಿಯಲ್ ಆದ. ಬಾಂಬೆಯ ವಿಮಾ ಕಂಪನಿ 5,000 ಪೌಂಡ್ ಕೊಟ್ಟಿತು. ಯಾರ ಹೊಟ್ಟೆಗೆ ಹಾಲು ಬಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ. ನೆಪೋಲಿಯನ್ ಲಿನ್ವಾನ ಮೇಲೆ ಕೆಂಡವಾದ. ನನಗಂತೂ ಲಿನ್ವಾನನ್ನು ಪೂರ್ತಿ ಹೇಡಿ ಅನ್ನಲು ಮನಸ್ಸಿಲ್ಲ. ಮರೆಂಗೋದ ಹಾಯಿಕಂಬ ಮುರಿದಿದ್ದರೆ ಹೊಸ ಕಂಬ ತರಲು ಅವನಿಗಿದ್ದ ದೊಡ್ಡ ಆಸರೆ ಇಲ್ ದ ಫ್ರಾನ್ಸ್. ಅದು ಸಾವಿರಾರು ಕಿಲೋಮೀಟರ್ ದೂರ.

ದ್ವೀಪ, ಮಂಗಳೂರು, ತೇಗ

ಈ ದ್ವೀಪದ ಹೆಸರು ನಮ್ಮ ಚರಿತ್ರೆಯಲ್ಲೂ ಒಂದು ಕೆಟ್ಟ ಗಳಿಗೆಯಲ್ಲಿ ಬರುತ್ತದೆ. 1797ರಲ್ಲಿ ರಿಪೋ ಎಂಬ ಫ್ರೆಂಚ್ ಕಪ್ತಾನ ಹಡಗು ಕೆಟ್ಟು ಮಂಗಳೂರಿಗೆ ಬಂದ. ದ್ವೀಪದಲ್ಲಿ ದೊಡ್ಡ ಸೈನ್ಯ ನಿಮಗಾಗಿ ಕಾಯುತ್ತಿದೆ ಅಂತ ಟಿಪ್ಪುವಿಗೆ ಬುರುಡೆ ಬಿಟ್ಟ. ಟಿಪ್ಪು ಗುಟ್ಟಾಗಿ ದೂತರನ್ನು ಕಳಿಸಿದ. ದ್ವೀಪದ ಗವರ್ನರ್ ಮಲಾರ್ಟಿಕ್ ಅವರನ್ನು ಡಂಗುರ ಹೊಡೆದು ಬರಮಾಡಿಕೊಂಡ. 1798ರ ಜನವರಿಯಲ್ಲಿ ಟಿಪ್ಪುವಿನ ಸಹಾಯಕ್ಕೆ ಜನ ಬೇಕು ಅಂತ ಬಹಿರಂಗ ಪ್ರಕಟಣೆ ಹೊರಡಿಸಿದ. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ ಮಾತ್ರ. ಪ್ರಕಟಣೆಯ ಪ್ರತಿ ಕಲ್ಕತ್ತಾ ಸೇರಿತು. ಯುದ್ಧಕ್ಕೆ ನೆಪ ಹುಡುಕುತ್ತಿದ್ದ ಗವರ್ನರ್ ಜನರಲ್‌ಗೆ ಅಷ್ಟು ಸಾಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಒಂದು ಗುಟ್ಟು ಕಾಪಾಡಲು ಆಗದ ಗೆಳೆಯನಿಗಿಂತ ಶತ್ರುವೇ ವಾಸಿ ಅನ್ನಿಸುತ್ತದೆ.

ಟಿಪ್ಪು 1796ರಲ್ಲಿ ಸುಮಾರು 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್ (ಅವಕ್ಕಿಂತ ಚಿಕ್ಕ, ವೇಗದ ಯುದ್ಧನೌಕೆ) ಕಟ್ಟಲು ಆಜ್ಞೆ ಮಾಡಿದ್ದ. ಅದು ಕೈಗೂಡುವಷ್ಟು ಕಾಲ ಅವನಿಗೆ ಸಿಗಲಿಲ್ಲ. ಅವನ ಕರಾವಳಿ ಕಂಪನಿಗೆ ಹೋಯಿತು. ಪಶ್ಚಿಮ ಘಟ್ಟದ ತೇಗ ಬಾಂಬೆಯ ಹಡಗುಕಟ್ಟೆಗೆ ಹೋಯಿತು. ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ಬೇಗ ಕೊಳೆಯದು, ಒಳಗಿನ ಕಬ್ಬಿಣದ ಮೊಳೆಯೂ ಬೇಗ ತುಕ್ಕು ಹಿಡಿಯದು. 1806ರಲ್ಲಿ ಮಲಬಾರಿನ ತೇಗ ಕಾಯಲು ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಕನ್ಸರ್ವೇಟರ್ ಅಂತ ನೇಮಿಸಿದರು. ಕಾಡಿನ ಮೇಲೆ ಸರ್ಕಾರದ ಹಿಡಿತ ಶುರುವಾದದ್ದರ ಹಿಂದೆ ಹೀಗೆ ನೌಕಾಪಡೆಯ ಹಸಿವಿದೆ. ಬಾಂಬೆಯಲ್ಲಿ ಪಾರ್ಸಿ ವಾಡಿಯಾ ಮನೆತನದ ಜಮ್ಶೆಡ್ಜಿ ಬೊಮನ್ಜಿ 1810ರಲ್ಲಿ 74 ತೋಪಿನ ಮಿಂಡೆನ್ ಕಟ್ಟಿ ನೀರಿಗಿಳಿಸಿದರು. ಅದೇ ಕಟ್ಟೆಯಲ್ಲಿ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ.

ಕೊನೆಗೂ ದ್ವೀಪಕ್ಕೇ ಕೈ

1808–09ರ ಹಂಗಾಮು ಕಂಪನಿಗೆ ನರಕ. ಮರಳುವ ದಾರಿಯಲ್ಲಿ ಎರಡು ಬಿರುಗಾಳಿಗೆ ಏಳು ಹಡಗು ಜನರ ಸಮೇತ ಮುಳುಗಿದವು. ಅದರ ಮೇಲೆ ದ್ವೀಪದ ಫ್ರೆಂಚ್ ಫ್ರಿಗೇಟ್‌ಗಳ ಕಾಟ. 1809ರ ಮೇನಲ್ಲಿ ಸ್ಟ್ರೆಥಮ್, ಯುರೋಪ್ ಹೋದವು. ನವೆಂಬರ್‌ನಲ್ಲಿ ಇನ್ನು ಮೂರು. ಅದರಲ್ಲೊಂದು ವಿಂಡಮ್. ಈ ಹಡಗಿನ ಹಣೆಬರಹ ವಿಚಿತ್ರ. ಹಿಡಿದ ಮೇಲೆ ಬ್ರಿಟಿಷರು ಬಿಡಿಸಿಕೊಂಡರು. 1810ರ ಜುಲೈನಲ್ಲಿ ಮತ್ತೆ ಫ್ರೆಂಚರ ಪಾಲಾಯಿತು. ಆಗಸ್ಟ್‌ನಲ್ಲಿ ಮತ್ತೆ ಬ್ರಿಟಿಷರ ಕೈಗೆ ಬಂತು.

ದ್ವೀಪವನ್ನು ಸುತ್ತುವರಿದು ಉಸಿರು ಕಟ್ಟಿಸಬಹುದಿತ್ತಲ್ಲ ಅಂತ ಕೇಳಬಹುದು. ಪ್ರಯತ್ನ ನಡೆದಿತ್ತು. ಆದರೆ ಡಿಸೆಂಬರ್‌ನಿಂದ ಏಪ್ರಿಲ್ ತನಕ ಅಲ್ಲಿ ಚಂಡಮಾರುತದ ಕಾಲ. ಆಗ ಕಾವಲು ಹಡಗುಗಳು ದೂರ ಸರಿಯಲೇಬೇಕು. ಹತ್ತಿರದಲ್ಲಿ ನೆಲೆಯೂ ಇರಲಿಲ್ಲ. 1809ರಲ್ಲಿ ಬ್ರಿಟಿಷರು ರೊಡ್ರಿಗ್ಸ್ ಎಂಬ ಪುಟ್ಟ ದ್ವೀಪ ಹಿಡಿದದ್ದು ಇದಕ್ಕೇ. ಅದು ಮಾರಿಷಸ್‌ಗೆ ಪೂರ್ವದಲ್ಲಿದೆ. ಅಲ್ಲಿಂದ ಹೊರಟರೆ ಗಾಳಿ ಬೆನ್ನಿಗೆ. 1810ರ ಜುಲೈನಲ್ಲಿ ಪಕ್ಕದ ಬೂರ್ಬೋನ್ ದ್ವೀಪವನ್ನೂ ಹಿಡಿದರು. ಅದೇ ಇವತ್ತಿನ ರಿಯೂನಿಯನ್.

ಆಮೇಲೆ ಆಸೆ ಹೆಚ್ಚಾಯಿತು. ಆಗಸ್ಟ್‌ನಲ್ಲಿ ಗ್ರಾಂ ಪೋರ್ಟ್ ಎಂಬ ಕೊಲ್ಲಿಯ ಬಾಯಲ್ಲಿದ್ದ ಕೋಟೆಯನ್ನು ಹಿಡಿದು, ಅದರ ಮೇಲೆ ಫ್ರೆಂಚ್ ಬಾವುಟ ಬಿಟ್ಟು, ಬರುವ ಫ್ರೆಂಚ್ ಹಡಗುಗಳಿಗೆ ಬಲೆ ಬೀಸಿದರು. ಹಡಗುಗಳು ಒಳಗೇನೋ ಬಂದವು. ಅವುಗಳನ್ನು ಹೊಡೆಯಲು ಒಳಗೆ ನುಗ್ಗಿದ ಬ್ರಿಟಿಷ್ ಫ್ರಿಗೇಟ್‌ಗಳು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು. ನಕ್ಷೆ ಇಲ್ಲ, ದಾರಿ ತೋರಿಸುವವರಿಗೆ ದಾರಿ ಗೊತ್ತಿಲ್ಲ. ಮುಂದೆ ನುಗ್ಗಿದ ನೆರೀಡ್ ಎಂಬ ಹಡಗಿನ ಮೇಲೇ ಹೆಚ್ಚಿನ ಹೊಡೆತ ಬಿತ್ತು. ಅದರಲ್ಲಿದ್ದ ಸುಮಾರು 280 ಜನರಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಎರಡು ಹಡಗಿಗೆ ಬ್ರಿಟಿಷರೇ ಬೆಂಕಿ ಇಟ್ಟರು. ಇನ್ನೆರಡು ಫ್ರೆಂಚರ ವಶವಾದವು. ನೆರೀಡ್‌ನ ಕಪ್ತಾನ ವಿಲೋಬಿಗೆ ಒಂದು ಕಣ್ಣು ಹೋಯಿತು. ಫ್ರೆಂಚ್ ಮುಂದಾಳು ದ್ಯುಪೆರೆಗೂ ಪೆಟ್ಟು. ಇಬ್ಬರಿಗೂ ಒಂದೇ ಮನೆಯಲ್ಲಿ ಚಿಕಿತ್ಸೆ ಆಯಿತು. ಪ್ಯಾರಿಸ್‌ನ ವಿಜಯ ಕಮಾನಿನ ಮೇಲೆ ಕೆತ್ತಿರುವ ನೆಪೋಲಿಯನ್ ಕಾಲದ ಒಂದೇ ಒಂದು ನೌಕಾ ಕದನ ಇದು.

ಈ ಸೋಲಿನಿಂದ ಬ್ರಿಟಿಷರು ಕಲಿತದ್ದು ಮೊದಲು ನೀರಿನ ಆಳ ನೋಡಬೇಕು ಅನ್ನೋದನ್ನು. ಉತ್ತರದ ತೀರದಲ್ಲಿ ಹವಳದ ದಿಬ್ಬಗಳ ನಡುವೆ ಸಂದು ಹುಡುಕಿದರು. ಮದ್ರಾಸು, ಬಾಂಬೆ, ಕಲ್ಕತ್ತಾಗಳಿಂದ ಪಡೆ ತರಿಸಿ ರೊಡ್ರಿಗ್ಸ್‌ನಲ್ಲಿ ಸೇರಿಸಿದರು. ಸುಮಾರು 7,000 ಸೈನಿಕರು, ಅವರಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಚಂಡಮಾರುತದ ಕಾಲ ಶುರುವಾಗುವ ಹೊಸ್ತಿಲಲ್ಲಿ, ನವೆಂಬರ್ 29ರಂದು ಇಳಿದರು. ದ್ವೀಪದಲ್ಲಿ ಖಾಯಂ ಸೈನಿಕರು ಸ್ವಲ್ಪವೇ. ಡಿಸೆಂಬರ್ 3ಕ್ಕೆ ಗವರ್ನರ್ ದೆಕಾಯೆನ್ ಶರಣಾದ.

ಗಾಳಿಯ ಕಾಲ ಮೀರುವ ಅವಸರದಲ್ಲಿ ಬ್ರಿಟಿಷರು ಶರತ್ತುಗಳನ್ನು ಸಡಿಲ ಮಾಡಿದರು. ಫ್ರೆಂಚ್ ಸೈನಿಕರನ್ನು ಸೆರೆ ಹಿಡಿಯದೆ ಊರಿಗೆ ಕಳಿಸಿದರು. ನಿವಾಸಿಗಳ ಧರ್ಮ, ಕಾನೂನು, ಪದ್ಧತಿ ಹಾಗೇ ಉಳಿಯಿತು. ಕಬ್ಬಿನ ಗದ್ದೆಯ ಗುಲಾಮಗಿರಿಯೂ ಹಾಗೇ ಉಳಿಯಿತು. ದ್ವೀಪದ ಬಹುಪಾಲು ಜನ ಗುಲಾಮರೇ ಆಗಿದ್ದರು. ಅವರನ್ನು ಯಾವ ಶರತ್ತೂ ಕೇಳಲಿಲ್ಲ. ಅವರಿಗೆ ಬಿಡುಗಡೆ ಸಿಕ್ಕಿದ್ದು 1835ರಲ್ಲಿ. ಅಷ್ಟರಲ್ಲಿ ತೋಟದ ಯಜಮಾನರು ಕೂಲಿಗೆ ಭಾರತದ ಕಡೆ ಮುಖ ಮಾಡಿಯಾಗಿತ್ತು.

1814ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಎರಡು ದ್ವೀಪಗಳ ಪೈಕಿ ದೊಡ್ಡದಾದ ಬೂರ್ಬೋನನ್ನು ಫ್ರಾನ್ಸಿಗೆ ವಾಪಸ್ ಕೊಟ್ಟು, ಚಿಕ್ಕದಾದ ಮಾರಿಷಸ್ಸನ್ನು ಇಟ್ಟುಕೊಂಡಿತು. ಬೂರ್ಬೋನ್‌ನಲ್ಲಿ ಕಾಫಿ ಬೆಳೆಯುತ್ತಿತ್ತು, ಲವಂಗ ಬೆಳೆಯುತ್ತಿತ್ತು. ಆದರೆ ಯುದ್ಧನೌಕೆಗಳ ದಂಡು ನಿಲ್ಲಿಸಲು ಒಂದು ಬಂದರಿರಲಿಲ್ಲ.